ಐದು ಕೈಯ ಸೀರೆ

ಒಂದು ಬಾಣಂತನಕ್ಕೆ ಬನಹಟ್ಟಿಯಲ್ಲಿ ಎಷ್ಟು ಖರ್ಚು ಬರುತ್ತದೆ ಎಂಬುದು ಶೇವಂತಿಗೆ ಬಾಯಿಪಾಠವಾಗಿತ್ತು. ಒಣಕೊಬ್ಬರಿ, ಬೆಲ್ಲ, ಅಂಟು, ಅಳವಿ ಎಲ್ಲ ಸೇರಿ ಎರಡು ರೂಪಾಯಿ. ತುಪ್ಪಕ್ಕೆ ಒಂದು, ಅದೂ ಕೈ ಬಿಗಿಹಿಡಿದು ಬಡಿಸಿದರೆ. ಸೂಲಗಿತ್ತಿಗೆ ಒಂದು ಖಣ, ಒಂದು ಮೊರ ಜೋಳ, ಕೈಗೆ ಎಂಟಾಣೆ; ಹುಟ್ಟಿದ್ದು ಗಂಡಾದರೆ ಆಕೆ ಹನ್ನೆರಡಾಣೆಗಿಂತ ಕೆಳಗೆ ಇಳಿಯುವುದಿಲ್ಲ. ನೀರು ಕಾಯಿಸಲು, ಹೊರಸಿನ ಕೆಳಗೆ ಕೆಂಡ ಇಡಲು ಕುಳ್ಳು ಕಟ್ಟಿಗೆ ಒಂದೂವರೆ. ತೊಟ್ಟಿಲು ಮೊದಲ ಮಗಳದ್ದೇ ಅಟ್ಟದ ಮೇಲಿತ್ತು, ಹಗ್ಗ ಬದಲಿಸಿದರೆ ಸಾಕು. ಹೇಗೆ ಹಿಂಡಿದರೂ ಆರು ರೂಪಾಯಿ. ಸೀರೆಗೆ ಒಂದು ರೂಪಾಯಿ ಮಜೂರಿ ಬರುವ ಮನೆಗೆ ಅದು ಆರು ಸೀರೆಯ ದುಡಿಮೆ.

ಇಷ್ಟನ್ನು ಹೊಂದಿಸಬಹುದು. ಶೇವಂತಿ ಒಂದು ಹೊತ್ತಿನ ಸಾರಿನ ಬೇಳೆ ಉಳಿಸಿ ಕೊಬ್ಬರಿ ಕೂಡಿಡುವ ಹೆಂಗಸು. ಅವಳಿಗೆ ನಿದ್ದೆ ಕೆಡಿಸುತ್ತಿದ್ದದ್ದು ಈ ಲೆಕ್ಕಕ್ಕೆ ಸೇರದ ಇನ್ನೊಂದು ಖರ್ಚು. ಬಾಣಂತಿ ಮಲಗಿದಷ್ಟು ಕಾಲ ಮಗ್ಗವೂ ಮಲಗುತ್ತದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವವನು ಗಂಡನೇ ಆದರೂ, ಅವನ ಲಾಳಿಯೊಳಗೆ ಇಡಬೇಕಾದ ಹೊಕ್ಕಿನ ನೂಲಿನ ಕಂಡಿಕೆಯನ್ನು ಸುತ್ತಿ ಕೊಡುವವಳು ಹೆಂಡತಿ. ಮನೆಯಲ್ಲಿ ಮುಂಜಾನೆಯಿಂದ ರಾಟಿ ತಿರುಗಿದರೆ ಮಾತ್ರ ಅಲ್ಲಿ ಲಾಳಿ ಓಡುತ್ತದೆ. ಮಜೂರಿ ಬರುವುದು ಗಂಡನ ಕೈಗೆ. ಕಂಡಿಕೆಗೆ ಅಂತ ಬೇರೆ ಕಾಸಿಲ್ಲ. ಸೀರೆಯ ಮಜೂರಿಯಲ್ಲೇ ಅದು ಬಂತು ಎನ್ನುವುದು ಎಲ್ಲ ಸಾವ್ಕಾರರ ಮಾತು.

ಅವಳ ಅಕ್ಕ ಸಾತವ್ವ ಸೋಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದಳು. ಹೋದ ವರ್ಷ ಊರಿಗೆ ಬಂದಾಗ ಒಂದು ಸುದ್ದಿ ಹೇಳಿದ್ದಳು. ಅಲ್ಲಿ ಗಿರಣಿ ಹೆಂಗಸು ಬಾಣಂತಿಯಾದರೆ ಮಲಗಿದ ದಿನಗಳಿಗೂ ರೊಕ್ಕ ಕೊಡಬೇಕಂತೆ, ಇಂಗ್ರೇಜಿ ಸರಕಾರ ಕಾಯದೆ ಮಾಡಿದೆಯಂತೆ. ತಾನು ಕೂಸನ್ನು ಬಗಲಲ್ಲಿಟ್ಟುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿ ತಂದೆ ಎಂದು ಸಾತವ್ವ ಹೆಬ್ಬೆಟ್ಟನ್ನೇ ಎತ್ತಿ ತೋರಿಸಿದ್ದಳು. ಕೇಳಿದ ಹೆಂಗಸರು ನಕ್ಕಿದ್ದರು. ಆ ಕಾಯದೆ ಹೊಳೆ ದಾಟಿ ಈಚೆ ಬರುವಂತಿರಲಿಲ್ಲ. ಬನಹಟ್ಟಿ ಜಮಖಂಡಿ ಸಂಸ್ಥಾನದ ಊರು, ಕೂಗಳತೆಯ ರಬಕವಿ ಸಾಂಗಲಿ ಸಂಸ್ಥಾನದ್ದು. ಇಬ್ಬರು ರಾಜರ ರಾಜ್ಯದಲ್ಲೂ ಬಾಣಂತಿಗೆ ರೊಕ್ಕ ಕೊಡಬೇಕೆಂಬ ಮಾತನ್ನು ಯಾರೂ ಕೇಳಿರಲಿಲ್ಲ.

ಇಂಥದರಲ್ಲಿ ಕಾರಹುಣ್ಣಿಮೆಯ ದಿನ ಶೇವಂತಿಯ ಗಂಡ ಜಕ್ಕಪ್ಪ ಬಲಗೈ ಮುರಿದುಕೊಂಡು ಬಂದ.

ಆ ದಿನ ಊರಿನ ಹುಡುಗರು ಗುಂಡುಕಲ್ಲು ಎತ್ತುತ್ತಾರೆ. ಎತ್ತಿದವನಿಗೆ ಒಂದು ರುಮಾಲು, ಒಂದು ತೆಂಗಿನಕಾಯಿ. ಜಕ್ಕಪ್ಪ ನೋಡಲೆಂದು ನಿಂತವನು. ಪಕ್ಕದ ಮಗ್ಗದ ಅಮಸಿದ್ದಪ್ಪ, ಇನ್ನೂ ಮದುವೆಯಾಗದ ಮಾತಿನ ಮಲ್ಲ, ಅವನನ್ನು ಕೆಣಕಿದ. ಎರಡನೇ ಕೂಸಿನ ಅಪ್ಪ ಆಗುವವನಿಗೆ ಇನ್ನು ತೊಟ್ಟಿಲು ತೂಗುವ ಕಸುವಷ್ಟೇ ಉಳಿದದ್ದು ಎಂದ. ಜಕ್ಕಪ್ಪ ಅಂಗಿ ಕಳೆದು ಕಲ್ಲಿಗೆ ಕೈ ಹಾಕಿದ. ಕಲ್ಲು ಮೊಣಕಾಲಿನ ತನಕ ಬಂತು, ಅಲ್ಲಿಂದ ಜಾರಿತು, ಜಾರುವಾಗ ಮುಂಗೈಯನ್ನು ತಿರುಚಿಕೊಂಡೇ ಹೋಯಿತು. ಬಂಡಿ ಕಟ್ಟಿಕೊಂಡು ಗಲಗಲಿಗೆ ಹೋಗಿ ಎಲುಬು ಕೂಡಿಸುವ ಅಜ್ಜನಿಗೆ ತೋರಿಸಿದರು. ಅಜ್ಜ ಬಿದಿರ ಕಡ್ಡಿ ಇಟ್ಟು, ತತ್ತಿಯ ಬಿಳಿ ಸವರಿ, ಬಟ್ಟೆ ಸುತ್ತಿ, ಶ್ರಾವಣ ಮುಗಿಯುವ ತನಕ ಈ ಕೈಯಿಂದ ಲಾಳಿಯ ಹಗ್ಗ ಎಳೆಯಬೇಡ ಎಂದ. ಶೇವಂತಿಯ ದಿನ ತುಂಬುವುದೂ ಶ್ರಾವಣಕ್ಕೇ.

ಮಗ್ಗದ ಮನೆ ಪಾರಿಸಪ್ಪ ಸಾವ್ಕಾರನದು. ಅವನು ತೇರದಾಳದ ಜೈನ, ಸೀರೆ ವ್ಯಾಪಾರಿ. ಬನಹಟ್ಟಿಯಲ್ಲಿ ಹತ್ತು ಮಗ್ಗ ಹೂಡಿಸಿ, ಸಂತೆಗೊಮ್ಮೆ ಕುದುರೆ ಗಾಡಿಯಲ್ಲಿ ಬಂದು ಆದ ಸೀರೆ ನೋಡಿ, ಮಜೂರಿ ಕೊಟ್ಟು, ಹೊತ್ತು ಮುಳುಗುವ ಮೊದಲೇ ಊಟಕ್ಕೆ ಮನೆ ಸೇರುತ್ತಿದ್ದ. ಕತ್ತಲಾದ ಮೇಲೆ ಅವನು ಬಾಯಿಗೆ ತುತ್ತು ಇಡುವವನಲ್ಲ. ಮೋಸದ ಮನುಷ್ಯ ಅಲ್ಲ, ಆದರೆ ನಿಯಮದ ಮನುಷ್ಯ. ಅವನ ನಿಯಮಗಳಲ್ಲಿ ಒಂದು ಇದು: ಎರಡು ಸಂತೆಯ ತನಕ ಮಗ್ಗ ಸುಮ್ಮನೆ ನಿಂತರೆ ಆ ಕುಣಿಗೆ ಬೇರೆಯವನು ಇಳಿಯಬೇಕು. ಅದಕ್ಕೆ ಕಾರಣವೂ ಇತ್ತು. ಗಂಜಿ ಕೊಟ್ಟು ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸು ಮಳೆಗಾಲದಲ್ಲಿ ಕುಣಿಯ ತೇವಕ್ಕೆ ಬೂಸಲು ಹಿಡಿಯುತ್ತದೆ, ಇಲಿ ಕಡಿಯುತ್ತದೆ, ಎಳೆಗಳು ಪಟಪಟನೆ ಹರಿಯುತ್ತವೆ. ನಷ್ಟ ಸಾವ್ಕಾರನದು. ಹೀಗೆ ಕುಣಿ ಕಳೆದುಕೊಂಡವರು ಆಮೇಲೆ ಕೂಲಿಗೆ ಹೋದದ್ದನ್ನು ಶೇವಂತಿ ನೋಡಿದ್ದಳು.

ಮಗ್ಗದ ಮನೆಯ ಹಿರಿಯ ಶಿದ್ರಾಮಪ್ಪ ಇದಕ್ಕೆ ಹಳೆಯ ಉಪಾಯ ತೆಗೆದ. ಅವನ ತಂದೆಯ ಕಾಲದಲ್ಲಿ ಪಾಳಿ ಎಂಬ ರೂಢಿ ಇತ್ತಂತೆ. ಒಬ್ಬ ಬಿದ್ದರೆ ಉಳಿದವರು ತಮ್ಮ ದಿನದ ಕೆಲಸ ಮುಗಿಸಿ, ಸಂಜೆ ಬೆಳಕು ಇರುವ ತನಕ ಸರದಿಯ ಮೇಲೆ ಅವನ ಮಗ್ಗದಲ್ಲಿ ಕೂತು ನೇಯಬೇಕು. ಮಜೂರಿ ಬಿದ್ದವನಿಗೇ. ಶಿದ್ರಾಮಪ್ಪ ತಾನೇ ಮೊದಲು ಇಳಿದ. ಮೂಲೆಯ ಮಗ್ಗದ ಅಣ್ಣತಮ್ಮಂದಿರು ಒಪ್ಪಿದರು. ಅಮಸಿದ್ದಪ್ಪನನ್ನು ಯಾರೂ ಕೇಳಲಿಲ್ಲ. ಅವನೇ ಬಂದು, ನನ್ನ ಪಾಳಿ ಯಾವಾಗ ಎಂದು ನೆಲ ನೋಡುತ್ತ ಕೇಳಿದ.

ಆ ಸಂಜೆಗಳು ಚೆನ್ನಾಗಿದ್ದವು. ಜಕ್ಕಪ್ಪ ಕೊರಳಿಗೆ ಕೈ ಕಟ್ಟಿಕೊಂಡು ಕುಣಿಯ ದಂಡೆಯ ಮೇಲೆ ಕೂತು ಹರಿದ ಎಳೆ ತೋರಿಸುತ್ತಿದ್ದ. ಶೇವಂತಿ ಕಂಡಿಕೆಯ ಬುಟ್ಟಿ ತಂದಿಡುತ್ತಿದ್ದಳು. ಯಾರೋ ಹಾಡು ಎತ್ತಿದರೆ ಉಳಿದವರು ಲಾಳಿಯ ಸಪ್ಪಳಕ್ಕೆ ಕೂಡಿಸಿ ಹಾಡುತ್ತಿದ್ದರು. ತನ್ನ ಮಗ್ಗ ನಿಂತಿಲ್ಲ ಎಂಬುದು ಜಕ್ಕಪ್ಪನಿಗೆ ಕೈನೋವನ್ನು ಮರೆಸುತ್ತಿತ್ತು.

ಮೊದಲ ಸೀರೆ ಮುಗಿದು ಮಗ್ಗದಿಂದ ಕತ್ತರಿಸಿ ತೆಗೆದ ದಿನ ಶೇವಂತಿ ಅದನ್ನು ಮಡಿಕೆ ಮಾಡಲು ಅಂಗಳದ ಬಿಸಿಲಿಗೆ ಹಾಸಿದಳು. ಹಾಸಿದವಳು ಹಾಗೇ ನಿಂತಳು.

ಒಂದು ಸೀರೆಯಲ್ಲಿ ಐದು ಸೀರೆ ಕಾಣುತ್ತಿದ್ದವು. ಶುರುವಿನ ಒಂದು ಮೊಳ ಜಕ್ಕಪ್ಪ ಕೈ ಮುರಿಯುವ ಮೊದಲು ನೇಯ್ದದ್ದು, ಅಲ್ಲಿ ಬಟ್ಟೆ ಎಂದಿನಂತೆ ಹದವಾಗಿತ್ತು. ಮುಂದೆ, ಹೊಕ್ಕನ್ನು ಬಿಗಿಯುವ ಹಲಗೆಯ ಮೇಲೆ ಶಿದ್ರಾಮಪ್ಪನ ಮುದಿ ಕೈಯ ಮೆತ್ತನೆಯ ಪೆಟ್ಟು. ಬಟ್ಟೆ ಜಾಳಾಗಿ ಹಿಂದಿನ ನೆಲ ಕಾಣುವಂತಿತ್ತು. ಆಮೇಲೆ ಅಮಸಿದ್ದಪ್ಪ. ಅವನು ತನ್ನ ತಪ್ಪಿಗೆ ಹಲಗೆಯನ್ನೇ ದಂಡಿಸುವಂತೆ ಬಡಿದಿದ್ದ, ಅಲ್ಲಿ ಬಟ್ಟೆ ಗೋಣಿತಟ್ಟಿನಂತೆ ದಪ್ಪ. ಅಣ್ಣನದೊಂದು ಬಗೆ, ತಮ್ಮನದೊಂದು ಬಗೆ. ಜಾಳು, ದಪ್ಪ, ಮತ್ತೆ ಜಾಳು. ಉದ್ದಕ್ಕೂ ಅಡ್ಡಪಟ್ಟೆ, ಹೊಲಕ್ಕೆ ಬದುವು ಹಾಕಿದ ಹಾಗೆ.

ನೇಯುವವರಿಗೆ ಇದು ಕಾಣದೆ ಹೋದದ್ದು ಸಹಜ. ನೇಯ್ದ ಬಟ್ಟೆ ಹೊಟ್ಟೆಯ ಮುಂದಿನ ಮರದ ಕುಂಟೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕೂತವನಿಗೆ ತಾನು ನೇಯ್ದ ಒಂದು ಗೇಣಷ್ಟೇ ಕಣ್ಣ ಮುಂದೆ. ಹಿಂದಿನವನು ಹೇಗೆ ಬಡಿದ ಎಂಬುದು ಒಳಗೆ ಸುತ್ತಿ ಹೋಗಿರುತ್ತದೆ.

ಶೇವಂತಿ ಗಂಡನನ್ನು ಕರೆದು ತೋರಿಸಿದಳು. ಅವನು ಎಡಗೈಯಿಂದ ಪಟ್ಟೆಗಳನ್ನು ಸವರಿ ನೋಡಿದ.

"ಅವರ ಮುಂದ ಅನಬ್ಯಾಡ," ಎಂದ. "ಹಗಲೆಲ್ಲ ದುಡದು ಮತ್ತ ನಮಗ ದುಡ್ಯಾಕ ಬರತಾರ. ಅಂಥವರ ಕೈಯಾಗ ಹುಳುಕ ತಗದ್ರ ಹ್ಯಾಂಗ?"

"ಸಾವ್ಕಾರ ತಗೀಲಾರದ ಬಿಡತಾನೇನ್ರೀ?"

"ಆವಾಗಿಂದ ಆವಾಗ ನೋಡೂಣು."

ಆ ವರ್ಷದ ಮಳೆಗೆ ತೇರದಾಳದ ದಾರಿ ಕೆಸರಾಗಿ ಸಾವ್ಕಾರ ಬರುವುದು ತಡವಾಯಿತು. ಅಷ್ಟರಲ್ಲಿ ಮೂರು ಸೀರೆ ಆದವು. ಶೇವಂತಿ ಅವನ್ನು ಮಡಿಕೆ ಮಾಡುವಾಗ ಜಾಣತನ ಮಾಡಿದಳು. ಇದ್ದುದರಲ್ಲಿ ಹದವಾದ ಭಾಗ ಮೇಲೆ ಬರುವಂತೆ, ಪಟ್ಟೆಗಳು ಒಳಗೆ ಹೋಗುವಂತೆ ಮಡಚಿದಳು. ಮೂರನೆಯ ಸೀರೆಯ ಹೊತ್ತಿಗೆ ಅವಳ ಕಾಲು ಬಾತು, ರಾಟಿಯ ಮುಂದೆ ಕೂರಲಾಗದೆ, ಶಿದ್ರಾಮಪ್ಪನ ಹೆಂಡತಿ ಭಾಗವ್ವ ಮತ್ತು ಓಣಿಯ ಹೆಂಗಸರು ಕಂಡಿಕೆಗಳನ್ನು ಹಂಚಿಕೊಂಡು ಸುತ್ತಿ ಕೊಟ್ಟಿದ್ದರು.

ಪಾರಿಸಪ್ಪ ಬಂದದ್ದು ಮೋಡ ತಿಳಿಯಾದ ಒಂದು ಮಧ್ಯಾಹ್ನ. ಮಗ್ಗದ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತು, ಎಲ್ಲರ ಸೀರೆ ನೋಡುತ್ತ ಬಂದು, ಜಕ್ಕಪ್ಪನ ಮೂರಕ್ಕೆ ಕೈ ಹಾಕಿದ. ಮೇಲಿನ ಮಡಿಕೆಯನ್ನು ನೋಡಲೇ ಇಲ್ಲ. ಮೊದಲನೆಯದರ ಸೆರಗು ಹಿಡಿದು ಪೂರ್ತಿ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿಸಿ, ಕಣ್ಣು ಮುಚ್ಚಿ ಬೆರಳುಗಳ ನಡುವೆ ಎಳೆಯುತ್ತ ಹೋದ. ಇಪ್ಪತ್ತು ವರ್ಷ ಸೀರೆ ಮುಟ್ಟಿದ ಬೆರಳು. ಯಾವ ಮಗ್ಗದ್ದು ಎಂದು ಗುರುತು ಹಾಕದೆಯೂ ಹೇಳುತ್ತಿದ್ದ.

"ಇದು ಜಕ್ಕಪ್ಪಂದು," ಎಂದ. ಸ್ವಲ್ಪ ಮುಂದೆ ಹೋಗಿ, "ಇದು ಶಿದ್ರಾಮಪ್ಪ ನಿಂದು. ಇದ್ಯಾವ ಪೈಲವಾನರೀ, ಸೀರಿ ನೇದಾನೋ ಸೀರೀ ಕೂಡ ಜಗಳ ತಗದಾನೋ?"

ಅಮಸಿದ್ದಪ್ಪ ಕಂಬದ ಹಿಂದೆ ಸರಿದ. ಭಾಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಶಿದ್ರಾಮಪ್ಪ ಪಾಳಿಯ ಸಂಗತಿ ಹೇಳಿದ. ಪಾರಿಸಪ್ಪ ಸಿಟ್ಟಾಗಲಿಲ್ಲ. ತಪ್ಪು ಮಾಡಿದವರೆಲ್ಲ ಒಳ್ಳೆಯ ಮನಸ್ಸಿನಿಂದ ಮಾಡಿದ್ದಾರೆ ಎಂದೇ ಅಂದ. ಆದರೆ ಇಂಥ ಸೀರೆಗಳನ್ನು ಬೆಳಗಾವಿಯ ಅಂಗಡಿಗೆ ಕಳಿಸಿದರೆ ಹಿಂದಿನ ಗಾಡಿಗೇ ವಾಪಸು ಬರುತ್ತವೆ. ಜಮಖಂಡಿಯ ಸಂತೆಯಲ್ಲಿ ಸೀರೆಗೆ ಒಂದು ರೂಪಾಯಿ ಕಡಿಮೆಗೆ ಒಗೆಯಬೇಕು. ಎರಡನೆಯದನ್ನೂ ನೋಡಿ ಬದಿಗಿಟ್ಟ. ಮೂರನೆಯದನ್ನು ಎತ್ತಿ ಅಂಚಿಗೆ ಬೆರಳಾಡಿಸಿದವನು ನಿಂತ. ಅಂಚಿನಲ್ಲಿ ಅಲ್ಲಲ್ಲಿ ಹೊಕ್ಕಿನ ಎಳೆ ಸಡಿಲಾಗಿ ಸಣ್ಣ ಸಣ್ಣ ಕುಣಿಕೆ ಎದ್ದಿದ್ದವು.

"ಇದರಾಗ ಕಂಡಿಕೀನೂ ಶೇವಂತೀದಲ್ಲ," ಎಂದ. "ಆಕಿ ಕಂಡಿಕಿ ಇಷ್ಟ ಸಡಲ ಇರೂದಿಲ್ಲ."

ಆಮೇಲೆ ತೀರ್ಮಾನ ಹೇಳಿದ. ಮೂರು ಸೀರೆಗೂ ಅರ್ಧ ಮಜೂರಿ. ಬರುವ ಸಂತೆಯಿಂದ ಜಕ್ಕಪ್ಪನ ಕುಣಿಗೆ ರಬಕವಿಯವನೊಬ್ಬ ಬರುತ್ತಾನೆ. ಜಕ್ಕಪ್ಪನ ಕೈ ನೆಟ್ಟಗಾದ ಮೇಲೆ, ಎಲ್ಲಾದರೂ ಮಗ್ಗ ಖಾಲಿಯಾದರೆ ನೋಡೋಣ.

ಜಕ್ಕಪ್ಪ ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕುಣಿಯ ಕಡೆ ನೋಡಿದ. ಶೇವಂತಿ ಬಾಗಿಲ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಸಾವ್ಕಾರನ ಎದುರು ಹೆಂಗಸರು ಮಾತಾಡುವ ರೂಢಿ ಇರಲಿಲ್ಲ. ಆದರೆ ಶ್ರಾವಣದಲ್ಲಿ ಹೊಟ್ಟೆಯೊಳಗಿನದು ಹೊರಗೆ ಬರುವಾಗ ಗಂಡನಿಗೆ ಮಗ್ಗವೇ ಇರುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅವಳು ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದಳು.

ಅವಳು ಮೊದಲು ಕೇಳಿದ್ದು ಒಂದು ಸಣ್ಣ ಪ್ರಶ್ನೆ. ರಬಕವಿಯವನು ಮುಂಗಡ ಎಷ್ಟು ಕೇಳಿದ್ದಾನೆ ಎಂದಳು. ಪಾರಿಸಪ್ಪ ಅವಳನ್ನು ನೋಡಿ, ಹತ್ತು ರೂಪಾಯಿ ಎಂದ. ಅದು ತೀರುವ ತನಕ ಅವನು ಇರುತ್ತಾನೆಂಬ ಭರವಸೆ ಏನು ಎಂದು ಅವಳು ಕೇಳಿದಳು. ಮುಂಗಡ ತೆಗೆದುಕೊಂಡು ರಾತ್ರೋರಾತ್ರಿ ಗಡಿ ದಾಟಿ ಬೇರೆ ಸಂಸ್ಥಾನಕ್ಕೆ ಹೋದ ಇಬ್ಬರನ್ನು ಪಾರಿಸಪ್ಪನೇ ಬಲ್ಲ. ಮೂರು ಸೀರೆಯಲ್ಲಿ ನಿಮಗೆ ಮೂರು ರೂಪಾಯಿ ಹೋಯಿತು, ಇಷ್ಟು ದಿನ ಇವರನ್ನು ಸುಮ್ಮನೆ ಕೂರಿಸಿ ಅರ್ಧ ಮಜೂರಿ ಕೊಟ್ಟಿದ್ದರೆ ಅಷ್ಟೂ ಹೋಗುತ್ತಿರಲಿಲ್ಲ ಎಂದು ಶೇವಂತಿ ಮೆಲ್ಲಗೆ ಹೇಳಿದಳು.

"ಮತ್ತ ಹಾಸು? ಕುಣ್ಯಾಗ ಕೊಳತ ಹೋದ್ರ?"

ಇದಕ್ಕೆ ಶಿದ್ರಾಮಪ್ಪ ಬಾಯಿ ಬಿಟ್ಟ. ಹಾಸನ್ನು ಮಗ್ಗದಿಂದ ಎತ್ತಿ, ಸುತ್ತಿ, ಒಣ ಬೇವಿನ ಎಲೆ ಹಾಕಿ, ಬಟ್ಟೆ ಕಟ್ಟಿ ತೊಲೆಗೆ ತೂಗುಹಾಕಿದರೆ ಒಂದು ಎಳೆಯೂ ಕೆಡುವುದಿಲ್ಲ. ಇಬ್ಬರಿಗೆ ಅರ್ಧ ದಿನದ ಕೆಲಸ. ಆ ಅರ್ಧ ದಿನಕ್ಕೆ ಕೂಲಿ ಇಲ್ಲದ್ದರಿಂದ ಈವರೆಗೆ ಯಾರೂ ಮಾಡಿರಲಿಲ್ಲ, ಅಷ್ಟೇ. ತಾನು ಮಾಡಿಕೊಡುತ್ತೇನೆ ಎಂದ.

ಪಾರಿಸಪ್ಪ ಗಡ್ಡ ಸವರಿಕೊಂಡ. "ಗುಂಡ ಎತ್ತಾಕ ಹೋಗಿ ಕೈ ಮುರಕೊಂಡಾವಗ ನಾ ಯಾಕ ಕೊಡ್ಲಿ, ಶಿದ್ರಾಮಪ್ಪ? ನನ್ನ ಮಗ್ಗದಾಗ ಮುರದಿದ್ರ ಮಾತು ಬ್ಯಾರೆ."

ಕಂಬದ ಹಿಂದಿನಿಂದ ಅಮಸಿದ್ದಪ್ಪ ಹೊರಗೆ ಬಂದ. ಕಲ್ಲು ಎತ್ತಿಸಿದವನು ನಾನು, ನನ್ನ ಬಾಯಿ ಸುಮ್ಮನಿದ್ದರೆ ಇವನ ಕೈ ಸುಮ್ಮನಿರುತ್ತಿತ್ತು, ಬೇಕಾದರೆ ನನ್ನ ಮಜೂರಿಯಲ್ಲಿ ಹಿಡಿಯಿರಿ ಎಂದ. ಅವನು ಇಷ್ಟು ಉದ್ದದ ಮಾತನ್ನು ನಗೆ ಇಲ್ಲದೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ.

ಅಲ್ಲಿಂದ ಮಾತು ಬೆಳೆಯಿತು. ಒಬ್ಬನ ಮೇಲೆ ಹಾಕುವುದಕ್ಕಿಂತ ಎಲ್ಲರೂ ಸೀರೆಗೆ ಅರ್ಧಾಣೆ ಬಿಡುವುದು, ಸಾವ್ಕಾರ ಅರ್ಧಾಣೆ ಸೇರಿಸುವುದು, ಆ ರೊಕ್ಕ ಶಿದ್ರಾಮಪ್ಪನ ಹತ್ತಿರ ಇರುವುದು, ಮೈ ಕೆಟ್ಟು ಬಿದ್ದವನಿಗೆ ಅದರಿಂದ ಅರ್ಧ ಮಜೂರಿ ಹೋಗುವುದು ಎಂಬ ತನಕ ಬಂತು. ಮೂಲೆಯ ಮಗ್ಗದ ತಮ್ಮ, ನನಗೆ ಹುಟ್ಟಿದಾಗಿನಿಂದ ಜ್ವರವೇ ಬಂದಿಲ್ಲ, ನಾನು ಯಾಕೆ ಬಿಡಲಿ ಎಂದ. ಅವನ ಅಣ್ಣ, ನಿನಗೆ ಮದುವೆ ಮಾಡುವವನಿದ್ದೇನೆ, ಆಮೇಲೆ ಬರುತ್ತದೆ ಎಂದ. ಎಲ್ಲರೂ ನಕ್ಕರು. ಅವನೂ ಒಪ್ಪಿದ. ಪಾರಿಸಪ್ಪ ರಬಕವಿಯವನನ್ನು ಕರೆಯುವ ಮಾತು ಬಿಟ್ಟು ಒಂದು ಕಟ್ಟಳೆ ಹಾಕಿದ: ಇನ್ನು ಮುಂದೆ ಗುಂಡು ಎತ್ತಿ ಬಿದ್ದವರಿಗೆ ಇಲ್ಲ.

ಇಷ್ಟಾಗಿ ಅವನು ಏಳಲು ಕೈ ಊರಿದ. ಹೊರಗೆ ಬಿಸಿಲು ಎದುರಿನ ಗೋಡೆಯ ಅರ್ಧಕ್ಕೆ ಇಳಿದಿತ್ತು. ಶೇವಂತಿ ಬಾಗಿಲು ಬಿಡಲಿಲ್ಲ.

"ಬಾಣಂತನದ ಮಾತು ಉಳೀತ್ರೀ ಸಾವ್ಕಾರ್ರ."

"ಅದ್ಯಾವ ಮಾತು?"

ಅವಳು ಬಿಡಿಸಿ ಹೇಳಿದಳು. ಇವರ ಕೈಯ ಕಟ್ಟು ಬಿಚ್ಚುವ ಹೊತ್ತಿಗೆ ತಾನು ಹೊರಸಿನ ಮೇಲೆ ಇರುತ್ತೇನೆ. ಕೈ ನೆಟ್ಟಗಾದವನಿಗೆ ಅರ್ಧ ಮಜೂರಿ ನಿಲ್ಲುತ್ತದೆ. ಕಂಡಿಕೆ ಇಲ್ಲದೆ ಮಗ್ಗ ನಡೆಯುವುದಿಲ್ಲ. ಎರಡು ಸಂತೆ ದಾಟುತ್ತದೆ, ಕುಣಿ ಮತ್ತೆ ರಬಕವಿಯವನಿಗೇ ಹೋಗುತ್ತದೆ. ಇವತ್ತು ಕೊಟ್ಟದ್ದನ್ನು ಶ್ರಾವಣದಲ್ಲಿ ಕಿತ್ತುಕೊಂಡಂತೆ ಆಯಿತು.

ಪಾರಿಸಪ್ಪನಿಗೆ ಈಗ ನಿಜವಾಗಿಯೂ ತಾಳ್ಮೆ ತಪ್ಪಿತು. "ನೋಡವಾ ತಂಗಿ. ಮಜೂರಿ ಮಾಡಾಂವ ಜಕ್ಕಪ್ಪ. ಅವನ ಕೈ ಮುರೀತು, ಕೊಡತೇನಿ ಅಂದೆ. ನಿನಗ ನಾ ಎಂದರ ಪಗಾರ ಕೊಟ್ಟೇನೇನು? ನೀ ನನ್ನ ಕೆಲಸದಾಕಿ ಅಲ್ಲ. ಮನಿಯಾಗಿನ ಬಾಣಂತನ ನಿಮ್ಮ ಮನೀದು."

ಶೇವಂತಿ ಒಳಗೆ ಬಂದು, ಚಾಪೆಯ ಬದಿಗೆ ಬಿದ್ದಿದ್ದ ಮೂರನೆಯ ಸೀರೆಯ ಅಂಚನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಇದನ್ನ ಹಿಡದು ನೀವ ಅಂದ್ರಿ, ಇದರಾಗ ಶೇವಂತಿ ಕಂಡಿಕಿ ಇಲ್ಲ ಅಂತ. ನಾ ಇಲ್ಲದ್ದು ನಿಮ್ಮ ಬಟ್ಟಿಯೊಳಗ ಕಾಣತೈತಿ. ನಾ ಇದ್ದದ್ದು ಕಾಣೂದಿಲ್ಲೇನ್ರೀ?"

ಪಾರಿಸಪ್ಪನ ಬೆರಳು, ತಲೆ ಹೇಳದಿದ್ದರೂ, ಅಂಚಿನ ಮೇಲೆ ತಾನೇ ಓಡಿತು. ಸಡಿಲ ಕುಣಿಕೆಗೆ ಬಂದು ನಿಂತಿತು. ಅವನು ಮೊದಲನೆಯ ಸೀರೆಯನ್ನೂ ಎಳೆದುಕೊಂಡು ಅದರ ಅಂಚನ್ನು ಮುಟ್ಟಿದ. ಐದು ಕೈಯ ಪೆಟ್ಟು ಏನೇ ಇರಲಿ, ಅದರ ಅಂಚು ದಾರ ಹಿಡಿದು ಕೊರೆದಂತೆ ನೆಟ್ಟಗಿತ್ತು.

ಗಾಡಿಯವನು ಬಾಗಿಲಿಗೆ ಬಂದು ಹೊತ್ತಾಯಿತೆಂದ. ಈಗ ಹೊರಟರೆ ಮಾತ್ರ ತೇರದಾಳದಲ್ಲಿ ಊಟ, ಇಲ್ಲವಾದರೆ ನಾಳೆಯೇ. ಪಾರಿಸಪ್ಪ ಅವನಿಗೆ ಕೈಯಿಂದಲೇ ನಿಲ್ಲಲು ಹೇಳಿದ.

"ಎಷ್ಟ ದಿನ ಅಂತಿ?" ಎಂದ.

ರಾಟಿಯ ಮುಂದೆ ಕೂರುವಷ್ಟು ಸೊಂಟ ಗಟ್ಟಿಯಾಗುವ ತನಕ ಎಂದಳು ಶೇವಂತಿ. ಅವನು ಅದಕ್ಕೆ ಒಪ್ಪದೆ ತಿಂಗಳು ಎಂದ. ಭಾಗವ್ವ ಹಿಂದಿನಿಂದ, ನಿಮ್ಮ ಮನೆಯಲ್ಲಿ ಸೊಸೆ ತಿಂಗಳಿಗೇ ನೀರು ಸೇದಲು ಹೋಗುತ್ತಾಳೇನು ಎಂದು ಕೇಳಿದಳು. ಒಂದೂವರೆ ತಿಂಗಳಿಗೆ ಬಂದು ನಿಂತಿತು. ಆಗ ಅಮಸಿದ್ದಪ್ಪ ಕೈ ಎತ್ತಿದ.

"ನನಗ ಹೇಂತಿಲ್ಲ," ಎಂದ.

"ಮಾಡಕೋ. ಯಾರ ಬ್ಯಾಡ ಅಂದಾರ ನಿನಗ," ಎಂದಳು ಭಾಗವ್ವ.

"ಅದಲ್ಲ ಅತ್ತಿ. ನನ್ನ ಕಂಡಿಕಿ ಸುತ್ತಾಕಿ ನಮ್ಮವ್ವ. ಆಕಿ ಹಾಸಿಗಿ ಹಿಡದ್ರ? ಸುತ್ತಾವರೂ ಇಲ್ಲ, ಮ್ಯಾಲೆ ಆಕೀಗಿ ನೀರ ಕೊಡಾಕ ನಾನ ಮನ್ಯಾಗ ಕುಂಡ್ರಬೇಕು."

ಪಾರಿಸಪ್ಪ ಬಾಗಿಲ ಹೊರಗೆ ನೋಡಿದ. ಎದುರಿನ ಗೋಡೆಯ ಮೇಲಿನ ಬಿಸಿಲು ಸೂರಿನ ಅಂಚಿಗೆ ಒಂದು ಗೆರೆಯಷ್ಟೇ ಉಳಿದಿತ್ತು. ಇನ್ನು ಗಾಡಿ ಹಾರಿದರೂ ಊಟ ಸಿಗುವಂತಿರಲಿಲ್ಲ. ಅವನು ಮತ್ತೆ ಚಾಪೆಯ ಮೇಲೆ ಕಾಲು ಮಡಚಿ ಸರಿಯಾಗಿ ಕೂತ.

"ಉಪಾಸ ಅಂತೂ ಬಿತ್ತು," ಎಂದ. "ಎಲ್ಲಾ ಇವತ್ತ ಹೇಳ್ರಿ. ಬರೂ ಸಂತಿಗಿ ಮತ್ತೊಂದು ತಗೀಬ್ಯಾಡ್ರಿ."

ಹೀಗೆ ಅದು ಮುಗಿಯಿತು. ಕಂಡಿಕೆ ಸುತ್ತುವವರು ಹೆಂಡತಿ ಇರಲಿ, ತಾಯಿ ಇರಲಿ, ಅವರು ಬಿದ್ದರೆ ನೇಯುವವನೇ ಬಿದ್ದಂತೆ. ಅವರನ್ನು ನೋಡಿಕೊಳ್ಳಲು ಅವನು ಮನೆಯಲ್ಲಿ ಕೂತರೂ ಅಷ್ಟೇ. ಅಷ್ಟು ಕಾಲ ಹಾಸು ತೊಲೆಗೆ, ಮಗ್ಗ ಅವನ ಹೆಸರಿಗೆ. ಇದಕ್ಕಾಗಿ ಸೀರೆಗೆ ಅರ್ಧಾಣೆ ಸಾಲದು, ಎರಡೂ ಕಡೆಯವರು ಮುಕ್ಕಾಲಾಣೆ ಹಾಕಬೇಕಾಯಿತು. ಪಾಳಿಯ ಮಾತು ಬಂದಾಗ ಪಾರಿಸಪ್ಪ ಗಟ್ಟಿಯಾಗಿ ನಿಂತ. ಒಂದು ಸೀರೆಗೆ ಒಂದೇ ಕೈ, ಇನ್ನು ಯಾರೂ ಇನ್ನೊಬ್ಬರ ಮಗ್ಗಕ್ಕೆ ಇಳಿಯಕೂಡದು ಎಂದ. ಅರ್ಧ ಮಜೂರಿ ಸಿಕ್ಕ ಮೇಲೆ ಅದರ ಅಗತ್ಯವೇನು ಎಂದು ಎಲ್ಲರೂ ತಲೆಯಾಡಿಸಿದರು. ಕೆಟ್ಟ ಮೂರು ಸೀರೆಗೆ ಅರ್ಧ ಮಜೂರಿ ಎಂಬ ಮಾತನ್ನು ಮಾತ್ರ ಅವನು ಬಿಡಲಿಲ್ಲ. ಶೇವಂತಿಯೂ ಕೇಳಲಿಲ್ಲ. ಹೊರಡುವಾಗ ಗಾಡಿ ಹತ್ತಿ, ಸಂಸಾರ ಹೂಡಿದಾಗಿನಿಂದ ನನಗೆ ಇಂಥ ಉಪವಾಸ ಬಿದ್ದಿರಲಿಲ್ಲ ಎಂದು ಶಿದ್ರಾಮಪ್ಪನಿಗೆ ಹೇಳಿದನಂತೆ. ಬೈದದ್ದೋ ನಕ್ಕದ್ದೋ ತಿಳಿಯಲಿಲ್ಲ.

ಮರುದಿನ ಶಿದ್ರಾಮಪ್ಪ ಮತ್ತು ಅಮಸಿದ್ದಪ್ಪ ಹಾಸನ್ನು ಎತ್ತಿ ಸುತ್ತಿ ತೊಲೆಗೆ ಕಟ್ಟಿದರು. ಕುಣಿಯ ಮೇಲೆ ಹಲಗೆ ಮುಚ್ಚಿದರು.

ಶ್ರಾವಣದ ನಡುವೆ ಶೇವಂತಿಗೆ ಮತ್ತೊಂದು ಹೆಣ್ಣು ಹುಟ್ಟಿತು. ಸೂಲಗಿತ್ತಿ ಎಂಟಾಣೆ ತೆಗೆದುಕೊಂಡು ಮುಖ ಸಣ್ಣ ಮಾಡಿದಳು, ಶೇವಂತಿ ಮಾಡಲಿಲ್ಲ. ಅಂಟಿನ ಉಂಡಿಗೆ ಕೊಬ್ಬರಿ ಕಡಿಮೆಯಾಗಲಿಲ್ಲ. ಜಕ್ಕಪ್ಪನ ಕೈಯ ಕಟ್ಟು ಬಿಚ್ಚಿದ ಮೇಲೆ ಅವನು ಮನೆಯಲ್ಲೇ ಇದ್ದು ನೀರು ಕಾಯಿಸಿದ, ದೊಡ್ಡ ಮಗಳ ತಲೆ ಬಾಚಿ ಹೆಣೆದ, ಹೆಣಿಗೆ ಓರೆಯಾಗಿದೆಯೆಂದು ಓಣಿಯ ಹೆಂಗಸರಿಂದ ಬೈಸಿಕೊಂಡ. ರೊಕ್ಕವನ್ನು ಶಿದ್ರಾಮಪ್ಪ ತಾನೇ ತಂದು ಹೊಸ್ತಿಲ ಒಳಗೆ ಇಟ್ಟು ಹೋಗುತ್ತಿದ್ದ. ಸಾತವ್ವನ ಹಾಗೆ ಶೇವಂತಿ ಹೆಬ್ಬೆಟ್ಟು ಒತ್ತಬೇಕಾಗಲಿಲ್ಲ.

ಭಾದ್ರಪದ ಮುಗಿಯುವಾಗ ಅವಳು ಮತ್ತೆ ರಾಟಿಯ ಮುಂದೆ ಕೂತಳು. ಜಕ್ಕಪ್ಪ ಕುಣಿಯ ಹಲಗೆ ಸರಿಸಿ ಇಳಿದ. ಮುಂಗೈ ಪೂರ್ತಿ ತಿರುಗುತ್ತಿರಲಿಲ್ಲ. ಹಗ್ಗವನ್ನು ಮೊಣಕೈಯಿಂದ ಎಳೆಯುವುದನ್ನು ಕಲಿಯಬೇಕಾಯಿತು. ಮುಂದಿನ ಸಂತೆಗೆ ಬಂದ ಪಾರಿಸಪ್ಪ ಅವನ ಸೀರೆಗೆ ಬೆರಳಾಡಿಸಿ, ಪೆಟ್ಟು ಹೊಸದು, ಕಂಡಿಕೆ ಹಳೆಯದು ಎಂದ. ಪೂರ್ತಿ ಮಜೂರಿ ಕೊಟ್ಟ.

ಮುಂದಿನ ಚಳಿಗಾಲದಲ್ಲಿ ಅಮಸಿದ್ದಪ್ಪನ ತಾಯಿ ಬಿದ್ದಳು. ಅವನಿಗೂ ಅರ್ಧ ಮಜೂರಿ ಬಂತು, ಆಕೆ ಮಗನ ಕೈಯಿಂದಲೇ ನೀರು ಕುಡಿದು ತೀರಿಕೊಂಡಳು. ಅವನ ಮಗ್ಗ ನಿಂತ ಆ ಸಂಜೆಗಳಲ್ಲಿ ಜಕ್ಕಪ್ಪ ತನ್ನ ಕೆಲಸ ಮುಗಿಸಿ ಎದ್ದಾಗ ಪಕ್ಕದ ಮಗ್ಗದ ಕಡೆ ಒಮ್ಮೆ ನೋಡುತ್ತಿದ್ದ. ಹಾಸು ತೊಲೆಗೆ ತೂಗುತ್ತಿತ್ತು, ಮಾಡುವಂಥದೇನೂ ಇರಲಿಲ್ಲ. ಅವನು ಮನೆಗೆ ಬರುತ್ತಿದ್ದ.

ಶೇವಂತಿಗೆ ಉಳಿದದ್ದು ಒಂದು ಮಗ್ಗ ಮತ್ತು ಹೊಟ್ಟೆ ಕಟ್ಟದೆ ಆದ ಒಂದು ಬಾಣಂತನ. ಹೋದದ್ದು ಒಂದೂವರೆ ರೂಪಾಯಿ, ಗಂಡನ ಮುಂಗೈಯ ಒಂದು ತಿರುವು, ಮತ್ತು ಆ ಮಗ್ಗದ ಮನೆಯಲ್ಲಿ ಸಂಜೆ ಹೊತ್ತು ಕೂಡಿ ಹಾಡುತ್ತಿದ್ದ ಹಾಡು.